ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಸ್ವಾಮಿ!

ಈ ಮಾತು ಕೇಳದ ಮನುಷ್ಯ ಇವತ್ತು ಯಾರಾದರೂ ಇದ್ದಾರಾ? ಬ್ಯಾಂಕಿಗೆ ಹೋದರೆ ಇದೇ ಮಾತು. ತಾಲ್ಲೂಕು ಕಚೇರಿಗೆ ಹೋದರೆ ಇದೇ ಮಾತು. ರೇಷನ್ ಅಂಗಡಿಯಲ್ಲೂ ಅದೇ, ಆಸ್ಪತ್ರೆ ಕೌಂಟರ್‌ನಲ್ಲೂ ಅದೇ. 'ನೀವು ಹೇಳೋದು ಸರಿ ಇರಬಹುದು, ಆದರೆ ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಸ್ವಾಮಿ.' ಅಲ್ಲಿಗೆ ಮಾತು ಮುಗೀತು. ನಿಮ್ಮ ಕೈಯಲ್ಲಿ ರಸೀದಿ ಇದೆ, ಮೊಬೈಲ್‌ನಲ್ಲಿ ಮೆಸೇಜ್ ಇದೆ, ಅಕೌಂಟ್‌ನಿಂದ ದುಡ್ಡು ಕಟ್ ಆಗಿದೆ. ಆದರೂ ಆ ಪರದೆ ಇಲ್ಲ ಅಂದರೆ ಇಲ್ಲ!

ಆ ಪರದೆಯ ಹಿಂದೆ ಏನು ನಡೆಯುತ್ತೆ ಅನ್ನೋದನ್ನ ಇವತ್ತು ನಿಮಗೆ ಹೇಳ್ತೀನಿ. ಇದು ಇಂಜಿನಿಯರ್‌ಗಳ ವಿಷಯ, ನಮಗ್ಯಾಕೆ ಅಂತ ಚಾನೆಲ್ ಬದಲಾಯಿಸಬೇಡಿ. ನಿಮ್ಮ ದುಡ್ಡು, ನಿಮ್ಮ ಜಮೀನು, ಕೆಲವೊಮ್ಮೆ ನಿಮ್ಮ ಮಾನ ಕೂಡ ಈ ವಿಷಯದ ಮೇಲೆ ನಿಂತಿದೆ.

ಮೊದಲು ಒಂದು ಭ್ರಮೆ ಬಿಡೋಣ. 'ಸಿಸ್ಟಮ್' ಅನ್ನೋದು ಒಂದಲ್ಲ. ನಿಮ್ಮ ಬ್ಯಾಂಕ್ ಖಾತೆಯ ವಿವರ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಮಾತ್ರ ಭದ್ರವಾಗಿ ಕೂತಿದೆ ಅಂತ ನೀವು ಅಂದುಕೊಂಡಿದ್ದರೆ, ಹಾಗಿಲ್ಲ. ಅದಕ್ಕೆ ಎರಡು, ಮೂರು, ಕೆಲವು ಕಡೆ ಇನ್ನೂ ಹೆಚ್ಚು ಪ್ರತಿಗಳಿರುತ್ತವೆ. ಯಾಕೆ? ಒಂದೇ ಪ್ರತಿ ಇಟ್ಟು ಆ ಕಟ್ಟಡಕ್ಕೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕಥೆ ಮುಗೀತು. ಹಾಗಾಗಿ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು. ಇನ್ನೊಂದು ಕಾರಣ, ಜನಜಂಗುಳಿ. ಲಕ್ಷಾಂತರ ಜನ ಒಂದೇ ಹೊತ್ತಿಗೆ ಬ್ಯಾಲೆನ್ಸ್ ನೋಡ್ತಾರೆ ಅಂದರೆ ಒಂದೇ ಯಂತ್ರಕ್ಕೆ ಅದನ್ನು ತಾಳೋ ಶಕ್ತಿ ಇರೋದಿಲ್ಲ. ಹಾಗಾಗಿ ಬರೆಯೋದಕ್ಕೆ ಒಂದು ಯಂತ್ರ, ಓದೋದಕ್ಕೆ ಹತ್ತು ಯಂತ್ರ ಅಂತ ಹಂಚಿ ಹಾಕ್ತಾರೆ.

ಹಾಗಾದರೆ ಮೂಲ ಪ್ರತಿಯಲ್ಲಿ ಆದ ಬದಲಾವಣೆ ಮಿಕ್ಕ ಪ್ರತಿಗಳಿಗೆ ಗೊತ್ತಾಗೋದು ಹೇಗೆ? ನಮ್ಮ ಹಳೇ ಅಂಗಡಿಗಳನ್ನು ನೆನಪು ಮಾಡಿಕೊಳ್ಳಿ. ಲೆಕ್ಕ ಬರೆಯೋ ಗುಮಾಸ್ತನ ಹತ್ತಿರ ಎರಡು ಪುಸ್ತಕ ಇರ್ತಿತ್ತು. ಒಂದು ಕಿರ್ದಿ, ಇನ್ನೊಂದು ಖಾತೆ. ದಿನವಿಡೀ ಆದ ವ್ಯವಹಾರವನ್ನೆಲ್ಲ ಆದ ಕ್ರಮದಲ್ಲೇ, ಒಂದರ ಕೆಳಗೊಂದು ಕಿರ್ದಿಯಲ್ಲಿ ಬರೆಯೋದು. ಆಮೇಲೆ ಅದನ್ನು ನೋಡಿಕೊಂಡು ಯಾರ ಬಾಕಿ ಎಷ್ಟು ಅಂತ ಖಾತೆಗೆ ಏರಿಸೋದು. ಡೇಟಾಬೇಸ್ ಮಾಡೋದು ಅದನ್ನೇ. ಪ್ರತಿಯೊಂದು ಬದಲಾವಣೆಯನ್ನೂ ಮೊದಲು ತನ್ನ ಕಿರ್ದಿಯಲ್ಲಿ ಬರೆದುಕೊಳ್ಳುತ್ತೆ. ಆ ಕಿರ್ದಿಯ ಸಾಲುಗಳನ್ನು ತಂತಿಯ ಮೂಲಕ ಬೇರೆ ಊರಿನ ಯಂತ್ರಕ್ಕೆ ಕಳಿಸುತ್ತೆ. ಆ ಯಂತ್ರ ಅದನ್ನು ಸಾಲು ಸಾಲಾಗಿ ಓದಿ ತನ್ನ ಖಾತೆಯನ್ನು ತಿದ್ದಿಕೊಳ್ಳುತ್ತೆ. ಇದಕ್ಕೆ ಇಂಜಿನಿಯರ್‌ಗಳು ಇಟ್ಟಿರೋ ಹೆಸರು ರೆಪ್ಲಿಕೇಶನ್. ಹೆಸರು ದೊಡ್ಡದು, ಕೆಲಸ ಗುಮಾಸ್ತನದೇ.

ಸಮಸ್ಯೆ ಶುರುವಾಗೋದು ಆ ಸಾಲು ಇಲ್ಲಿಂದ ಅಲ್ಲಿಗೆ ಹೋಗೋ ದಾರಿಯಲ್ಲಿ. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಭಾರಿ ವೇಗ, ಒಪ್ಪೋಣ. ಆದರೂ ಅದು ಸೊನ್ನೆ ಸಮಯ ಅಲ್ಲ. ದೂರ ಹೆಚ್ಚಿದಷ್ಟೂ, ಟ್ರಾಫಿಕ್ ಹೆಚ್ಚಿದಷ್ಟೂ ತಡ. ಆ ತಡದಲ್ಲಿ ಒಂದು ಪ್ರತಿ 'ಹೌದು' ಅನ್ನುತ್ತೆ, ಇನ್ನೊಂದು ಪ್ರತಿ 'ಇಲ್ಲ' ಅನ್ನುತ್ತೆ.

ಇದು ನಿಮಗೆ ಹೊಸದೇನಲ್ಲ. ಎಲೆಕ್ಷನ್ ಕೌಂಟಿಂಗ್ ದಿನ ನಮ್ಮ ಸ್ಟುಡಿಯೋದಲ್ಲಿ ಇದೇ ಆಗೋದು. ನಾನು ಬಾಯಲ್ಲಿ ಒಂದು ಸಂಖ್ಯೆ ಹೇಳ್ತಿರ್ತೀನಿ. ಕೆಳಗೆ ಓಡೋ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆ. ಪಕ್ಕದ ಗ್ರಾಫಿಕ್ಸ್‌ನಲ್ಲಿ ಮತ್ತೊಂದು. 'ಯಾವುದ್ರೀ ನಿಜ?' ಅಂತ ನೀವು ಮನೆಯಲ್ಲಿ ಕೂತು ಬೈಯ್ತೀರಿ. ಅಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಮೂರೂ ನಿಜವೇ, ಬೇರೆ ಬೇರೆ ನಿಮಿಷದ ನಿಜ. ಮೂರೂ ಒಂದೇ ಆಗೋವರೆಗೆ ನಾನು ಬಾಯಿ ಬಿಡಲ್ಲ ಅಂತ ಕೂತರೆ ಏನಾಗುತ್ತೆ? ನೀವು ಪಕ್ಕದ ಚಾನೆಲ್‌ಗೆ ಹೋಗಿರ್ತೀರಿ!

ಡೇಟಾಬೇಸ್ ಕಟ್ಟುವವರ ಮುಂದೆಯೂ ಇದೇ ಎರಡು ದಾರಿ. ಒಂದು, ಎಲ್ಲ ಪ್ರತಿಗಳೂ 'ನಾನು ಬರೆದುಕೊಂಡೆ' ಅಂತ ಹೇಳೋವರೆಗೆ ಗ್ರಾಹಕನನ್ನು ಕಾಯಿಸೋದು. ಇದರಲ್ಲಿ ಲೆಕ್ಕ ಗಟ್ಟಿ, ಆದರೆ ನಿಧಾನ. ಇನ್ನೊಂದು, ಮೂಲ ಪ್ರತಿಯಲ್ಲಿ ಬರೆದ ತಕ್ಷಣ 'ಆಯ್ತು ಹೋಗಿ' ಅನ್ನೋದು, ಮಿಕ್ಕವಕ್ಕೆ ಆಮೇಲೆ ತಲುಪಿಸೋದು. ಇದು ವೇಗ. ಆದರೆ ಆ 'ಆಮೇಲೆ' ಬರೋದಕ್ಕೆ ಮೊದಲೇ ಮೂಲ ಯಂತ್ರ ಕೆಟ್ಟು ನಿಂತರೆ? ಗ್ರಾಹಕನಿಗೆ 'ಆಯ್ತು' ಅಂದಾಗಿದೆ, ಆದರೆ ಉಳಿದ ಯಾವ ಪುಸ್ತಕದಲ್ಲೂ ಆ ಸಾಲು ಇಲ್ಲ!

ಇನ್ನು ಎರಡು ಊರಿನ ನಡುವಿನ ತಂತಿಯೇ ಕಡಿದು ಹೋದರೆ? ಎರಡೂ ಯಂತ್ರ ಚೆನ್ನಾಗೇ ಇವೆ, ಆದರೆ ಒಂದರ ಮುಖ ಇನ್ನೊಂದಕ್ಕೆ ಕಾಣಿಸ್ತಿಲ್ಲ. ಆಗ ಕೆಲಸ ನಿಲ್ಲಿಸಬೇಕಾ, ಮುಂದುವರಿಸಬೇಕಾ? ನಿಲ್ಲಿಸಿದರೆ ಜನ ಬೈತಾರೆ. ಮುಂದುವರಿಸಿದರೆ ಎರಡು ಕಡೆ ಎರಡು ಲೆಕ್ಕ ಬೆಳೆಯುತ್ತೆ. ಎರಡೂ ಸಿಗೋ ದಾರಿ ಇಲ್ಲವಾ? ಇಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ನೇ ಇಸವಿಯಲ್ಲಿ ಈ ಮಾತು ಹೇಳಿದರು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತದ ಲೆಕ್ಕದಲ್ಲೇ ಸಾಬೀತು ಮಾಡಿದರು. ಅಂದರೆ ಎಷ್ಟೇ ಕೋಟಿ ಸುರಿದು ಎಂಥ ಕಂಪ್ಯೂಟರ್ ತಂದರೂ, ಸಂಪರ್ಕ ಕಡಿದಾಗ ಎರಡರಲ್ಲಿ ಒಂದನ್ನು ಬಿಡಲೇಬೇಕು.

ಇದು ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಅನ್ನೋ ಕಂಪನಿಗೆ ಏನಾಯಿತು ನೋಡಿ. ಜಗತ್ತಿನ ಸಾಫ್ಟ್‌ವೇರ್ ಮಂದಿ ತಾವು ಬರೆದ ಕೋಡ್ ಇಟ್ಟುಕೊಳ್ಳೋ ಉಗ್ರಾಣ ಅದು. ಬೆಂಗಳೂರಿನ ಇಂಜಿನಿಯರ್‌ಗಳಿಗೂ ಅದು ದಿನಬಳಕೆಯದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಡುತ್ತಿದ್ದ ಒಂದು ನೆಟ್‌ವರ್ಕ್ ಉಪಕರಣ ಬದಲಾಯಿಸೋ ಮಾಮೂಲಿ ಕೆಲಸ ನಡೀತಿತ್ತು. ಆಗ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ತಪ್ಪಿತು. ಎಷ್ಟು ಹೊತ್ತು? ಗಂಟೆಗಟ್ಟಲೆ ಅಲ್ಲ. 43 ಸೆಕೆಂಡ್! ನಮ್ಮಲ್ಲಿ ಆಗ 22ನೇ ತಾರೀಕು ಸೋಮವಾರ, ಬೆಳಗಿನ ಜಾವ 4 ಗಂಟೆ 22 ನಿಮಿಷ.

ಆ 43 ಸೆಕೆಂಡಿನಲ್ಲಿ ಕಾವಲಿಗಿಟ್ಟಿದ್ದ ಸಾಫ್ಟ್‌ವೇರ್ ಎಚ್ಚೆತ್ತುಕೊಂಡಿತು. 'ಪೂರ್ವದ ಮೂಲ ಪ್ರತಿ ಕಾಣಿಸ್ತಿಲ್ಲ, ಅದು ಹೋಯ್ತು' ಅಂತ ತೀರ್ಮಾನಿಸಿ, ಪಶ್ಚಿಮ ಕರಾವಳಿಯ ಪ್ರತಿಗಳಿಗೆ ಪಟ್ಟ ಕಟ್ಟಿಬಿಟ್ಟಿತು. ಅದಕ್ಕೆ ಹೇಳಿಕೊಟ್ಟಿದ್ದೇ ಅದು. ಆದರೆ ಪೂರ್ವದ ಯಂತ್ರ ಸತ್ತಿರಲಿಲ್ಲ. ಕೆಲವು ಸೆಕೆಂಡುಗಳಲ್ಲಿ ಅಲ್ಲಿ ಬರೆದಿದ್ದ ಸಾಲುಗಳು ಪಶ್ಚಿಮಕ್ಕೆ ಹೋಗಿರಲಿಲ್ಲ. ಇತ್ತ ಪಟ್ಟಕ್ಕೆ ಬಂದ ಪಶ್ಚಿಮದ ಪ್ರತಿಯಲ್ಲಿ ಹೊಸ ಸಾಲುಗಳು ಬೀಳತೊಡಗಿದವು. ಇಂಜಿನಿಯರ್‌ಗಳಿಗೆ ಪೂರ್ತಿ ಚಿತ್ರ ಸಿಗುವ ಹೊತ್ತಿಗೆ ಸುಮಾರು 40 ನಿಮಿಷದ ಬರವಣಿಗೆ ಅಲ್ಲಿ ಸೇರಿತ್ತು. ಈಗ ಒಂದು ರಾಜ್ಯಕ್ಕೆ ಇಬ್ಬರು ರಾಜರು. ಇಬ್ಬರ ಹತ್ತಿರವೂ ಇನ್ನೊಬ್ಬನ ಹತ್ತಿರ ಇಲ್ಲದ ಲೆಕ್ಕ. ಎರಡೂ ನಿಜ!

ಏನು ಮಾಡಿದರು? ಒಂದು ಕಡೆಯ ಲೆಕ್ಕವನ್ನು ಎಸೆದು, ಬೇಗ ಅಂಗಡಿ ತೆಗೆಯಬಹುದಿತ್ತು. ಹಾಗೆ ಮಾಡಲಿಲ್ಲ. 'ತಡವಾದರೂ ಪರವಾಗಿಲ್ಲ, ಜನರ ಒಂದು ಸಾಲೂ ಕಳೆಯಬಾರದು' ಅನ್ನೋ ದಾರಿ ಹಿಡಿದರು. ಹಲವು ಸೇವೆಗಳನ್ನು ಬೇಕಂತಲೇ ನಿಲ್ಲಿಸಿದರು. ಬ್ಯಾಕಪ್‌ನಿಂದ ಪೂರ್ವದ ಪ್ರತಿಗಳನ್ನು ಮತ್ತೆ ಕಟ್ಟಿದರು, ಪಶ್ಚಿಮದ ಕಿರ್ದಿಯನ್ನು ಅದಕ್ಕೆ ಏರಿಸಿದರು. 43 ಸೆಕೆಂಡಿನ ಕಡಿತಕ್ಕೆ ತೆತ್ತ ಬೆಲೆ 24 ಗಂಟೆ 11 ನಿಮಿಷದ ಪರದಾಟ. ಎರಡು ಕಡೆ ಹೊಂದದೆ ಉಳಿದ ಸಾಲುಗಳನ್ನು ಆಮೇಲೆ ಕೂತು ನೋಡಬೇಕಾಯಿತು. ಅತಿ ಹೆಚ್ಚು ಕೆಲಸ ಇದ್ದ ಡೇಟಾಬೇಸ್ ಗುಂಪುಗಳಲ್ಲಿ ಒಂದರಲ್ಲೇ ಅಂಥ 954 ಬರಹಗಳಿದ್ದವು. ಇಷ್ಟೆಲ್ಲ ಆದ ಮೇಲೆ ಕಂಪನಿಯೇ ಕ್ಷಮೆ ಕೇಳಿ, ಯಾವ ನಿಮಿಷದಲ್ಲಿ ಏನಾಯಿತು ಅಂತ ಜಗತ್ತಿಗೇ ಬಿಚ್ಚಿ ಹೇಳಿತು.

ಇಲ್ಲಿ ನಾನು ನಿಮ್ಮ ಗಮನಕ್ಕೆ ತರೋದು ಇಷ್ಟೇ. ಎರಡು ಪ್ರತಿ ಹೊಂದದೆ ಹೋದಾಗ ಅದರ ಹೊರೆ ಹೊತ್ತಿದ್ದು ಯಂತ್ರ ಇಟ್ಟುಕೊಂಡಿದ್ದ ಕಂಪನಿ. ಬಳಕೆದಾರ ಕಾಯಬೇಕಾಯಿತು, ನಿಜ. ಆದರೆ 'ನಿನ್ನ ಸಾಲು ನಮ್ಮಲ್ಲಿಲ್ಲ, ನೀನೇ ಸುಳ್ಳ' ಅಂತ ಅವನಿಗೆ ಯಾರೂ ಹೇಳಲಿಲ್ಲ.

ಈಗ ನಮ್ಮ ಜೇಬಿಗೆ ಬರೋಣ. ಯುಪಿಐನಲ್ಲಿ ನೀವು ಸ್ನೇಹಿತರಿಗೆ 500 ರೂಪಾಯಿ ಕಳಿಸ್ತೀರಿ. ಇಲ್ಲಿರೋದು ಒಂದೇ ಪುಸ್ತಕದ ಎರಡು ಪ್ರತಿಗಳಲ್ಲ, ಎರಡು ಬ್ಯಾಂಕಿನ ಎರಡು ಬೇರೆ ಪುಸ್ತಕಗಳು. ನಡುವೆ ನಿಂತು ಸುದ್ದಿ ಮುಟ್ಟಿಸೋದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್. ನಿಮ್ಮ ಪುಸ್ತಕದಲ್ಲಿ 500 ಕಳೆಯಬೇಕು, ಅವರ ಪುಸ್ತಕದಲ್ಲಿ 500 ಕೂಡಬೇಕು. ಆದರೆ ಎರಡೂ ಆಗಬೇಕು, ಇಲ್ಲ ಎರಡೂ ಆಗಬಾರದು. ನಿಮ್ಮದು ಕಳೆದು, ಅವರ ಬ್ಯಾಂಕಿನಿಂದ ಉತ್ತರವೇ ಬರಲಿಲ್ಲ ಅಂದರೆ?

'ಇನ್ನೊಂದು ಸಲ ಕಳಿಸಿದರೆ ಆಯ್ತಪ್ಪ' ಅಂತ ನಿಮಗೆ ಅನ್ನಿಸಬಹುದು. ಅಲ್ಲೇ ಇರೋದು ತೊಡಕು. ಆ ಬ್ಯಾಂಕಿಗೆ ಸುದ್ದಿಯೇ ಮುಟ್ಟಲಿಲ್ಲವಾ? ಅಥವಾ ಮುಟ್ಟಿ, ದುಡ್ಡು ಜಮಾ ಆಗಿ, 'ಆಯ್ತು' ಅನ್ನೋ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತಾ? ಈ ಕಡೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತೆ. ಗೊತ್ತಿಲ್ಲದೆ ಮತ್ತೆ ಕಳಿಸಿದರೆ 500 ಹೋಗಿ 1,000 ಆಗಬಹುದು. ಅದಕ್ಕೇ ಪ್ರತಿ ವ್ಯವಹಾರಕ್ಕೂ ಒಂದು ನಂಬರ್ ಇರುತ್ತೆ. ಯುಪಿಐನಲ್ಲಿ ಅದು 12 ಅಂಕಿಯದು. ದಿನದ ಕೊನೆಗೆ ಎರಡೂ ಕಡೆಯ ಪಟ್ಟಿ ಇಟ್ಟು, ಆ ನಂಬರ್ ಹಿಡಿದು ತಾಳೆ ನೋಡ್ತಾರೆ. ಹೊಂದದ್ದನ್ನು ಸರಿ ಮಾಡ್ತಾರೆ. 'ಪೆಂಡಿಂಗ್' ಅಂತ ನಿಮ್ಮ ಮೊಬೈಲ್ ತೋರಿಸೋದರ ಅರ್ಥ ಇದೇ: ಎರಡು ಪುಸ್ತಕ ಇನ್ನೂ ಒಂದಾಗಿಲ್ಲ.

ಆದರೆ ಎಷ್ಟು ದಿನ ಕಾಯಬೇಕು? ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಎಷ್ಟು ಜನಕ್ಕೆ ಗೊತ್ತಿದೆ ಇದು? ಯುಪಿಐನಲ್ಲಿ ಒಬ್ಬರಿಗೆ ದುಡ್ಡು ಕಳಿಸಿದಾಗ ನಿಮ್ಮದು ಕಟ್ ಆಗಿ ಅವರಿಗೆ ಸೇರದಿದ್ದರೆ, ಮಾರನೇ ದಿನದೊಳಗೆ ಅದು ವಾಪಸ್ ಬರಬೇಕು. ಅಂಗಡಿಗೆ ಕೊಟ್ಟ ದುಡ್ಡು ಅಂಗಡಿಯವರಿಗೆ ಖಾತ್ರಿಯಾಗದಿದ್ದರೆ 5 ದಿನ. ಎಟಿಎಂನಲ್ಲಿ ಅಕೌಂಟ್‌ನಿಂದ ಕಟ್ ಆಗಿ ನೋಟು ಹೊರಗೆ ಬಾರದಿದ್ದರೂ 5 ದಿನ. ಆ ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ! ಅದೂ ನೀವು ಅರ್ಜಿ ಹಾಕಿ ಗೋಗರೆಯಬೇಕಾಗಿಲ್ಲ. ದೂರಿಗೆ ಕಾಯದೆ ಅದನ್ನು ತಾನಾಗೇ ನಿಮ್ಮ ಖಾತೆಗೆ ಹಾಕಬೇಕು ಅಂತ ಸುತ್ತೋಲೆಯಲ್ಲೇ ಇದೆ.

ನೋಡಿ, ತಂತ್ರಜ್ಞಾನ ಅದೇ. ತಂತಿ ಅದೇ, ತಡ ಅದೇ. ಆದರೆ ಒಂದು ಸುತ್ತೋಲೆ ಬಂದು 'ತಡವಾದರೆ ಹೊರೆ ಯಾರದು' ಅನ್ನೋದನ್ನ ತೀರ್ಮಾನಿಸಿಬಿಟ್ಟಿತು. ಪ್ರತಿಗಳು ಹೊಂದದೆ ಹೋಗೋದನ್ನ ತಪ್ಪಿಸೋಕೆ ಆಗಲ್ಲ. ಹೊಂದದಿದ್ದಾಗ ಯಾರು ಒದ್ದಾಡಬೇಕು ಅನ್ನೋದು ಮಾತ್ರ ಮನುಷ್ಯರ ಕೈಯಲ್ಲಿದೆ.

ಅಂಥ ನಿಯಮ ಇಲ್ಲದಿದ್ದರೆ ಏನಾಗುತ್ತೆ ಅಂತ ತಿಳಿಯಬೇಕಾದರೆ ಬ್ರಿಟನ್ ಕಡೆ ನೋಡಬೇಕು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ ಶಾಖೆಗಳಿಗೆ ಹೊರೈಜನ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ತಂದಿತು. ಮೊದಲ ವರ್ಷಗಳ ಆ ವ್ಯವಸ್ಥೆಯಲ್ಲಿ ಶಾಖೆಯ ಪ್ರತಿ ಕೌಂಟರ್‌ನಲ್ಲೂ ಲೆಕ್ಕದ ಒಂದೊಂದು ಪ್ರತಿ. ಅವು ಪರಸ್ಪರ ಸುದ್ದಿ ಹಂಚಿಕೊಂಡು, ಕೇಂದ್ರಕ್ಕೂ ಮುಟ್ಟಿಸಬೇಕು. ಸ್ಕಾಟ್ಲೆಂಡಿನ ಫಾಲ್‌ಕರ್ಕ್‌ನ ಕ್ಯಾಲೆಂಡರ್ ಸ್ಕ್ವೇರ್ ಅನ್ನೋ ಶಾಖೆಯಲ್ಲಿ 2005ರಲ್ಲಿ ಒಂದು ದೋಷ ಬಯಲಾಯಿತು. ಒಂದು ಕೌಂಟರ್‌ನಲ್ಲಿ ಆದ ವರ್ಗಾವಣೆ ಇನ್ನೊಂದು ಕೌಂಟರ್‌ನ ಪ್ರತಿಗೆ ಸರಿಯಾಗಿ ತಲುಪದೆ ಲೆಕ್ಕದಲ್ಲಿ ಇಲ್ಲದ ಕೊರತೆ ಹುಟ್ಟುತ್ತಿತ್ತು. ಆ ವ್ಯವಸ್ಥೆಯಲ್ಲಿ ಇದ್ದ ಹಲವು ದೋಷಗಳಲ್ಲಿ ಇದು ಒಂದು.

ಕೊರತೆ ತೋರಿಸಿದಾಗ ಅಂಚೆ ಸಂಸ್ಥೆ ಯಾರನ್ನು ನಂಬಿತು? ಪರದೆಯನ್ನ! ಶಾಖೆ ನಡೆಸುತ್ತಿದ್ದವರಿಗೆ 'ಆ ದುಡ್ಡು ಕಟ್ಟಿ' ಅಂದಿತು. ಅನೇಕರು ಮನೆ, ಉಳಿತಾಯ ಕರಗಿಸಿ ಕಟ್ಟಿದರು. ಕಟ್ಟಲಾಗದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಕೇಸು. ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡ್ತಿತ್ತು ಅಂತ ಕೋರ್ಟು ಮೊದಲು ನಂಬಬೇಕು, ತಪ್ಪಿದೆ ಅನ್ನುವವರೇ ಅದನ್ನು ತೋರಿಸಬೇಕು. ಅಲ್ಲಿನ ಕಾನೂನು ನಿಂತಿದ್ದು ಹಾಗೆ. ಒಬ್ಬ ಸಣ್ಣ ಅಂಚೆ ಶಾಖೆಯವನು ಆ ಯಂತ್ರದ ಒಳಗಿನ ಕಿರ್ದಿಯನ್ನು ಎಲ್ಲಿಂದ ತಂದು ತೋರಿಸ್ತಾನೆ? 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಪ್ರಾಣ ಕಳೆದುಕೊಂಡವರಿದ್ದಾರೆ. ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಜನ ಕೋರ್ಟಿಗೆ ಹೋದ ಮೇಲೆ, 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಿಗೇ ರದ್ದು ಮಾಡಬೇಕಾಯಿತು. ಇಪ್ಪತ್ತು ವರ್ಷ ಸ್ವಾಮಿ! ಮಾನ ಹೋದ ಇಪ್ಪತ್ತು ವರ್ಷವನ್ನು ಯಾವ ಬ್ಯಾಕಪ್‌ನಿಂದ ತರೋದು?

ಅಲ್ಲಿಯದು ಅಲ್ಲಿಗೆ ಅಂತ ಬಿಡೋಣ ಅಂದರೆ ಬಿಡೋ ಹಾಗಿಲ್ಲ. ನಮ್ಮ ಜಮೀನು ಇರೋದೂ ಹೀಗೇ ಎರಡು ಪುಸ್ತಕದಲ್ಲಿ. ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಗ್ರಾಮ ಲೆಕ್ಕಿಗರ ಕೈಬರಹದ ಕಾಲ ಮುಗಿದು ಪ್ರಿಂಟ್ ಪಹಣಿ ಬಂತು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಜಮೀನು ಕೊಂಡಾಗ ನೋಂದಣಿ ಆಗೋದು ಸಬ್ ರಿಜಿಸ್ಟ್ರಾರ್ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ. ಪಹಣಿ ಇರೋದು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ. ನೋಂದಣಿಯಾದ ಸುದ್ದಿ ಕಾವೇರಿಯಿಂದ ಭೂಮಿಗೆ ಹೋಗುತ್ತೆ. ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟು, ಮ್ಯುಟೇಶನ್ ಆಗಿ, ಆಮೇಲೆ 9ನೇ ಕಾಲಂನಲ್ಲಿ ಹೊಸ ಮಾಲೀಕರ ಹೆಸರು ಬರುತ್ತೆ.

ಅಂದರೆ ಆ ನಡುವಿನ ದಿನಗಳಲ್ಲಿ ಒಂದು ಪುಸ್ತಕದಲ್ಲಿ ನೀವು ಕೊಂಡಿದ್ದೀರಿ, ಇನ್ನೊಂದರಲ್ಲಿ ಇನ್ನೂ ಹಳಬರೇ ಮಾಲೀಕರು. ಇದನ್ನ ದೋಷ ಅಂತ ನಾನು ಹೇಳಲ್ಲ. ಅಣ್ಣ ತಂಗಿಗೆ ಹೇಳದೆ ಮಾರಿದರೆ ತಂಗಿ ಬಂದು ತಕರಾರು ಮಾಡೋಕೆ ಸಮಯ ಬೇಕಲ್ಲ? ಆ ಅಂತರ ಬೇಕಂತಲೇ ಇಟ್ಟಿರೋದು. ತೊಂದರೆ ಇರೋದು ಬೇರೆ ಥರದ ಅಂತರದಲ್ಲಿ. ರೈತ ಬ್ಯಾಂಕಿನ ಸಾಲ ತೀರಿಸಿರ್ತಾನೆ, ಬಾಕಿ ಇಲ್ಲ ಅಂತ ಪತ್ರವೂ ಸಿಕ್ಕಿರುತ್ತೆ. ಆದರೆ ಪಹಣಿಯ 11ನೇ ಕಾಲಂನಲ್ಲಿ ಸಾಲ ಹಾಗೇ ಕೂತಿರುತ್ತೆ. ಮಗಳ ಮದುವೆಗೋ ಬೋರ್‌ವೆಲ್‌ಗೋ ಹೊಸ ಸಾಲ ಕೇಳೋಕೆ ಹೋದರೆ 'ಸಿಸ್ಟಮ್‌ನಲ್ಲಿ ಸಾಲ ತೋರಿಸ್ತಿದೆ'. ಆಗ ಎರಡು ಕಂಪ್ಯೂಟರ್‌ಗಳ ನಡುವೆ ಓಡಾಡೋ ತಂತಿ ಯಾವುದು ಗೊತ್ತಾ? ಆ ರೈತನೇ! ಬ್ಯಾಂಕಿನಿಂದ ತಾಲ್ಲೂಕು ಕಚೇರಿಗೆ, ತಾಲ್ಲೂಕು ಕಚೇರಿಯಿಂದ ಬ್ಯಾಂಕಿಗೆ, ಬಸ್ ಚಾರ್ಜು ಕೊಟ್ಟುಕೊಂಡು, ಕೂಲಿ ಬಿಟ್ಟುಕೊಂಡು ಡೇಟಾ ಹೊತ್ತು ತಿರುಗೋನು ಅವನೇ.

500 ರೂಪಾಯಿ ಯುಪಿಐ ತಡವಾದರೆ ದಿನಕ್ಕೆ 100 ರೂಪಾಯಿ ಕೊಡಿ ಅನ್ನೋ ನಿಯಮ ಬಂದಿದೆ. ಒಳ್ಳೆಯದು. ಹಾಗಾದರೆ ತೀರಿದ ಸಾಲ ಪಹಣಿಯಿಂದ ಹೋಗೋಕೆ ತಡವಾದರೆ ಆ ತಡದ ಬೆಲೆಯನ್ನೂ ಪುಸ್ತಕ ಇಟ್ಟುಕೊಂಡವರೇ ಕೊಡಲಿ. ಇದು ನನ್ನ ವಾದ. ದುಡ್ಡಿನ ಲೆಕ್ಕಕ್ಕೆ ಸಾಧ್ಯವಾದ ಶಿಸ್ತು ಮಣ್ಣಿನ ಲೆಕ್ಕಕ್ಕೆ ಯಾಕೆ ಆಗಬಾರದು?

ಅಲ್ಲಿಯವರೆಗೆ ನೀವು ಏನು ಮಾಡಬೇಕು? ರಸೀದಿ ಎಸೆಯಬೇಡಿ. 12 ಅಂಕಿಯ ನಂಬರ್ ಇರೋ ಮೆಸೇಜ್ ಅಳಿಸಬೇಡಿ. ನೋಂದಣಿ ಪತ್ರದ ನಂಬರ್, ಸಾಲ ತೀರಿದ ಪತ್ರ, ಎಲ್ಲದರ ಒಂದು ನಕಲು ಮನೆಯಲ್ಲಿರಲಿ. ಅದು ನಿಮ್ಮ ಕಿರ್ದಿ, ಪ್ರತಿಗಳು ಜಗಳವಾಡಿದಾಗ ನಿಮ್ಮ ಕಡೆ ಸಾಕ್ಷಿ ಹೇಳೋದು ಅದೊಂದೇ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಿ.

ಮುಂದಿನ ಸಲ 'ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ' ಅಂದಾಗ ತಲೆ ತಗ್ಗಿಸಿ ವಾಪಸ್ ಬರಬೇಡಿ. ಕೂಗಾಡಲೂಬೇಡಿ, ಆ ಕೌಂಟರ್‌ನಲ್ಲಿ ಕೂತವರೂ ನಮ್ಮ ನಿಮ್ಮಂಥವರೇ. ಮೂರು ಪ್ರಶ್ನೆ ಮಾತ್ರ ಕೇಳಿ. ಮೇಡಂ, ನೀವು ನೋಡ್ತಿರೋದು ಮೂಲ ಪುಸ್ತಕವಾ, ಅದರ ನಕಲಾ? ಅದು ಯಾವತ್ತಿನವರೆಗಿನ ಲೆಕ್ಕ? ನನ್ನ ರಸೀದಿಗೂ ನಿಮ್ಮ ಪರದೆಗೂ ಹೊಂದದಿದ್ದರೆ ಅದನ್ನು ಹೊಂದಿಸೋ ಕೆಲಸ ಯಾರದು, ಎಷ್ಟು ದಿನದಲ್ಲಿ?

ಮೂರನೇ ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ತಾರೀಕು ಹಾಕಿಸಿಕೊಳ್ಳೋದು ಮರೀಬೇಡಿ.